ಸಮುದಾಯಕ್ಕೆ ಗೊತ್ತಾಗದಂತೆ ಸಮುದಾಯ ಸಂಶೋಧನೆ

ಮೊದಲು ಗುಂಪು ಕಟ್ಟಿ. ಐದು ಜನ ಇರಲಿ. ಮನಶ್ಶಾಸ್ತ್ರ ಓದುವ ನಿಮಗೆ ಫ್ರಾನ್ಸಿನ ರಿಂಗಲ್‌ಮನ್ ಗೊತ್ತಿರಬೇಕು. ಜನರಿಂದ ಹಗ್ಗ ಎಳೆಸಿ, ಬಲ ಅಳೆದು, 1913ರಲ್ಲಿ ಪ್ರಕಟಿಸಿದವನು. ಎಂಟು ಜನ ಕೂಡಿ ಎಳೆದಾಗ ತಲಾ ಎಳೆತ ಸುಮಾರು ಅರ್ಧಕ್ಕೆ ಇಳಿದಿತ್ತು. ಇದನ್ನು ಎಚ್ಚರಿಕೆ ಎಂದು ಓದಬೇಡಿ, ಸೌಲಭ್ಯ ಎಂದು ಓದಿ. ನಾಲ್ವರು ಹಗ್ಗ ಹಿಡಿದು ಫೋಟೋಗೆ ನಿಲ್ಲಿ. ಎಳೆಯಲು ಒಬ್ಬಳು ಇದ್ದೇ ಇರುತ್ತಾಳೆ. ಮೊದಲ ಸಭೆಗೆ ಪೆನ್ನು ತಂದವಳೇ ಅವಳು.

ಈಗ ಸಂಸ್ಥೆ. ಮಹಿಳಾ ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡುವ ಯಾವುದಾದರೂ ಎನ್‌ಜಿಒ ಹಿಡಿಯಿರಿ. ಅಲ್ಲಿನ ಅಕ್ಕ ಟೀ ಕೊಟ್ಟು ತಮ್ಮದೊಂದು ಪ್ರಶ್ನೆ ಮುಂದಿಡುತ್ತಾರೆ: “ನಮ್ಮ ಹೆಂಗಸ್ರಿಗೆ ರಾತ್ರಿ ನಿದ್ದೆ ಬರ್ತಿಲ್ಲಮ್ಮ. ಮೈಕ್ರೋಫೈನಾನ್ಸ್‌ನೋರು ವಾರವಾರ ಬಂದು ಬಾಗ್ಲಲ್ಲೇ ಕೂರ್ತಾರೆ. ಏನು ಮಾಡ್ಬೋದು, ಸ್ವಲ್ಪ ನೋಡಿ.” ತಲೆಯಾಡಿಸಿ. ಬರೆದುಕೊಂಡಂತೆ ಮಾಡಿ. ಆಮೇಲೆ ಆ ಪ್ರಶ್ನೆಯ ಹತ್ತಿರ ಸುಳಿಯಬೇಡಿ. ಸುಳಿದರೆ ಬಡ್ಡಿ ದರ, ಕಂತಿನ ಪುಸ್ತಕ, ಬಲವಂತದ ವಸೂಲಿ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆ, ಎಲ್ಲ ಓದಬೇಕಾಗುತ್ತದೆ. ಸಿಲಬಸ್ಸಿನಲ್ಲಿ ಇದ್ಯಾವುದೂ ಇಲ್ಲ. ಹೇಗೂ ನಿಮ್ಮ ಶೀರ್ಷಿಕೆ ಬಸ್ಸಿನಲ್ಲೇ ಸಿದ್ಧವಾಗಿದೆ: ‘ಸ್ವಸಹಾಯ ಸಂಘದ ಮಹಿಳೆಯರಲ್ಲಿ ಗ್ರಹಿತ ಒತ್ತಡ: ಒಂದು ಅಧ್ಯಯನ’.

ಪೀಠಿಕೆಯಲ್ಲಿ ಕರ್ಟ್ ಲೆವಿನ್‌ನನ್ನು ನೆನೆಯಿರಿ. ಕ್ರಿಯಾ ಸಂಶೋಧನೆಯ ಬಗ್ಗೆ ಆತ 1946ರಲ್ಲೇ ಬರೆದಿದ್ದ. ಒಂದು ಪ್ಯಾರಾ ಸಾಕು. ಎರಡನೇ ಅಧ್ಯಾಯಕ್ಕೆ ಮುಂಚೆ ಆತನನ್ನು ಬೀಳ್ಕೊಡಿ.

ಮಾಪಕವಾಗಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಕೊಟ್ಟ ಗ್ರಹಿತ ಒತ್ತಡ ಮಾಪಕವನ್ನೇ ಆರಿಸಿ, ಆಮೇಲೆ ಬಂದ ಹತ್ತು ಪ್ರಶ್ನೆಗಳ ಆವೃತ್ತಿ. ಅದರಲ್ಲಿ ಸಾಲದ ಸೊಲ್ಲೇ ಇಲ್ಲ. ಇದಕ್ಕಿಂತ ಅನುಕೂಲ ಬೇಕೆ?

ಒಪ್ಪಿಗೆ ಪತ್ರ ಮರೆಯಬೇಡಿ. ಐಸಿಎಂಆರ್ 2017ರ ಮಾರ್ಗಸೂಚಿ ಪ್ರಕಾರ ಎದುರಿಗಿರುವವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ಓದಲು ಬಾರದವರಿದ್ದರೆ ಸಾಕ್ಷಿ ಬೇಕು. ನೀವು ಇಂಗ್ಲಿಷ್ ಹಾಳೆ ಮತ್ತು ಇಂಕ್ ಪ್ಯಾಡ್ ಒಯ್ಯಿರಿ. ಎಲ್ಲಿ ಹೆಬ್ಬೆಟ್ಟು ಒತ್ತಬೇಕೆಂದು ಬೆರಳಿಟ್ಟು ತೋರಿಸಿ. ಸಾಲ ತೆಗೆದುಕೊಳ್ಳುವಾಗಲೂ ಹೀಗೇ ಒತ್ತಿದ್ದರಿಂದ ಅವರಿಗೆ ಅಭ್ಯಾಸವಿದೆ.

ಸಂಘಗಳೆಲ್ಲ ಒಟ್ಟಿಗೆ ಸಭೆ ಸೇರುವ ದಿನವೇ ಹೋಗಿ. ಮೂವತ್ತು ಜನ ಒಂದೇ ಕಡೆ ಸಿಗುತ್ತಾರೆ. ಪ್ರಶ್ನೆಗಳನ್ನು ಎಲ್ಲರೆದುರು ಜೋರಾಗಿ ಓದಿ. ‘ಎಂದೂ ಇಲ್ಲ’ದಿಂದ ‘ಬಹಳ ಸಲ’ದವರೆಗೆ ಐದು ಆಯ್ಕೆ ಇವೆ, ಅಷ್ಟರಲ್ಲೇ ಬದುಕು ಮುಗಿಯಬೇಕು. ಯಾರಾದರೂ ಮಗಳ ಓಲೆ ಅಡವಿಟ್ಟದ್ದು, ವಸೂಲಿಯವನು ಬರುವ ದಿನ ಹೊರಗಿನಿಂದ ಬೀಗ ಹಾಕಿಸಿಕೊಂಡು ಒಳಗೆ ಕೂತದ್ದು ಹೇಳತೊಡಗಿದರೆ, “ಅಮ್ಮಾ, ‘ಆಗಾಗ’ ಅಂತ ಹಾಕ್ಕೊಳ್ಲಾ?” ಎಂದು ಮೃದುವಾಗಿ ತಡೆಯಿರಿ. ಎಕ್ಸೆಲ್‌ನಲ್ಲಿ ಓಲೆಗೆ ಕಾಲಮ್ ಇಲ್ಲ. ಯಾರಾದರೂ ಅತ್ತರೆ, ಕೌನ್ಸೆಲಿಂಗ್ ಪೇಪರಿನಲ್ಲಿ ಹೆಚ್ಚು ಅಂಕ ಪಡೆದವರು ಬಸ್ಸಿನ ಸಮಯ ನೋಡಲಿ.

ಲೆಕ್ಕಕ್ಕೆ ಕೂರಿ. ಹತ್ತರಲ್ಲಿ ನಾಲ್ಕು ಪ್ರಶ್ನೆಗಳ ಅಂಕವನ್ನು ತಿರುವಿ ಹಾಕಬೇಕು. ಅದನ್ನು ಮರೆಯಿರಿ. ಕ್ರಾನ್‌ಬ್ಯಾಕ್ ಆಲ್ಫಾ 0.7ರ ಹತ್ತಿರಕ್ಕೂ ಬರುವುದಿಲ್ಲ. ಗಾಬರಿ ಬೇಡ: ‘ಅಧ್ಯಯನದ ಮಿತಿಗಳು’ ಎಂಬಲ್ಲಿ ‘ಪ್ರತಿಸ್ಪಂದಕರ ಶೈಕ್ಷಣಿಕ ಮಟ್ಟ ಕಡಿಮೆ’ ಎಂದು ಬರೆಯಿರಿ. ನಂತರ ಒತ್ತಡವನ್ನು ವಯಸ್ಸು, ಮಕ್ಕಳ ಸಂಖ್ಯೆ, ಸಂಘ ಸೇರಿದ ವರ್ಷ, ಸಿಕ್ಕಿದ್ದಕ್ಕೆಲ್ಲ ಹೋಲಿಸುತ್ತ ಹೋಗಿ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಹೋಲಿಕೆ ಮಾಡಿದರೆ, ಏನೂ ಇಲ್ಲದಿದ್ದರೂ ಒಂದಾದರೂ 0.05ರ ಕೆಳಗೆ ಬೀಳುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಬಿದ್ದದ್ದನ್ನು ಎತ್ತಿಕೊಂಡು ಮೊದಲ ಅಧ್ಯಾಯಕ್ಕೆ ಹೋಗಿ, ಅದೇ ನಮ್ಮ ಊಹೆಯಾಗಿತ್ತು ಎಂದು ಸೇರಿಸಿ.

ಶಿಫಾರಸಿನಲ್ಲಿ ಧಾರಾಳವಾಗಿರಿ. ಬೆಳಿಗ್ಗೆ ಹತ್ತು ನಿಮಿಷ ಪ್ರಾಣಾಯಾಮ ಹೇಳಿ. ವಸೂಲಿಯವನು ಬೆಳಿಗ್ಗೆಯೇ ಬರುತ್ತಾನಾದರೆ ಸಂಜೆಗೆ ಬದಲಿಸಿ.

ಅಕ್ಕನಿಗೆ ಫ್ರೇಮ್ ಹಾಕಿಸಿದ ಪ್ರಮಾಣಪತ್ರವೊಂದನ್ನು ಕೊಡಿ. ವರದಿ ಕೇಳಿದರೆ ‘ಮೇಡಂ ಹತ್ತಿರ ಇದೆ’ ಎನ್ನಿ. ಮತ್ತೆ ಫೋನ್ ಬಂದರೆ ಎತ್ತಬೇಡಿ. ಅವರ ನಂಬರನ್ನು ಜೂನಿಯರ್‌ಗಳಿಗೆ ಕಳಿಸಿ. ಅವರಿಗೂ ಈ ಸೆಮಿಸ್ಟರಿಗೆ ಮೂವತ್ತು ಜನ ಬೇಕಾಗಿದ್ದಾರೆ.