ಮಹಾಕ್ಷೋಭ ಮೀಮಾಂಸೆ: ಇಪ್ಪತ್ತಾರು ಅಂಕಿಗಳ ಒಂದು ಸಂಖ್ಯೆಯೊಡನೆ ಬಹುಮುಖಿ ಅನುಸಂಧಾನ

1,89,47,66,81,77,99,54,26,46,27,73,730 ಎಂಬ ಪೂರ್ಣಾಂಕವನ್ನು ಅದರ ಆಂಕಿಕ ಅಸ್ಮಿತೆಯ ನೆಲೆಯಲ್ಲಿ ಮುಖಾಮುಖಿಯಾಗುವುದೇ ಪ್ರಸ್ತುತ ಪ್ರಬಂಧದ ಆಶಯ. ಇಲ್ಲಿ ‘ನೆಲೆ’ ಎಂಬುದನ್ನು ‘ಪರಿಪ್ರೇಕ್ಷ್ಯ’ ಎಂದು ಗ್ರಹಿಸತಕ್ಕದ್ದು. ‘ಪರಿಪ್ರೇಕ್ಷ್ಯ’ ಎಂದರೇನು ಎಂದು ಕೇಳತಕ್ಕದ್ದಲ್ಲ.

ಸದರಿ ಸಂಖ್ಯೆಯ ಗುಣಧರ್ಮಗಳು ಹದಿನಾಲ್ಕು. ಮೊದಲನೆಯದು ಶೂನ್ಯಾಂತ್ಯತೆ, ಅಂದರೆ ಕೊನೆಗೊಂದು ಸೊನ್ನೆ ಇದೆ. ಇದರಿಂದ ದಶವಿಭಾಜ್ಯತೆಯ ಅಂತರ್ಗತ ಸಾಧ್ಯತೆಯೊಂದು ತೆರೆದುಕೊಳ್ಳುತ್ತದೆ. ಅಂದರೆ ಹತ್ತರಿಂದ ಭಾಗ ಹೋಗುತ್ತದೆ. ಎರಡನೆಯದು ಸಂಕಲನಾತ್ಮಕ ಅಂತಃಸತ್ವ: ಅಂಕಿಗಳನ್ನೆಲ್ಲ ಕೂಡಿದರೆ 138. ಅದು ಮೂರರಿಂದ ಭಾಗ ಹೋಗುತ್ತದೆ, ಒಂಬತ್ತರಿಂದ ಹೋಗುವುದಿಲ್ಲ. ಇಡೀ ಸಂಖ್ಯೆಯ ಹಣೆಬರಹವೂ ಅಷ್ಟೇ.

ಮೂರನೆಯದು ನಾಮಾತೀತತೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತದಿಂದ ಹಿಡಿದು 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ, ಕಡೆಯದು ಮಹಾಕ್ಷೋಭ. ನಮ್ಮ ಸಂಖ್ಯೆಗೆ 26 ಸ್ಥಾನ. ಮದುವೆ ಊಟದಲ್ಲಿ ಎಲೆ ಸಿಗದ ನೆಂಟರ ಹಾಗೆ ಎರಡು ಅಂಕಿ ಹೊರಗೇ ನಿಂತಿವೆ. ಬೇಕಿದ್ದರೆ 189 ಮಹಾಕ್ಷೋಭ, ಚಿಲ್ಲರೆ ಎಂದು ಓದಿಕೊಳ್ಳಬಹುದು. ವಿಚಾರಸಂಕಿರಣದಲ್ಲಿ ಊಟದ ಹೊತ್ತು ಮೀರಿ ಕೂತವರಿಗೆ ಈ ಅಳತೆ ಹೊಸದಲ್ಲ.

ನಾಲ್ಕನೆಯದು... ಸಾಕು, ಉಳಿದ ಹನ್ನೊಂದನ್ನು ಓದುಗರೇ ಹುಟ್ಟಿಸಿಕೊಳ್ಳಲಿ.

ನಾನು ಕೂತಿದ್ದ ಸಂಕಿರಣದ ವಿಷಯ ಗಣಿತ. ಬೆಳಗಿನಿಂದ ಒಬ್ಬರಾದ ಮೇಲೊಬ್ಬರು ಮಾತಾಡಿದರು. ಹಲಗೆಯ ಮೇಲೆ ಒಂದೇ ಒಂದು ಲೆಕ್ಕ ಬೀಳಲಿಲ್ಲ. ಶಕುಂತಲಾ ದೇವಿಯವರ ಹೆಸರೇನೋ ಬಂತು, ‘ದೇಹಸ್ಥ ಸಂಖ್ಯಾಪ್ರಜ್ಞೆಯ ರೂಪಕ’ವಾಗಿ. ರೂಪಕವಂತೆ! ಬೆಂಗಳೂರಿನ ಆ ಹೆಂಗಸು ಸರ್ಕಸ್ಸಿನವರ ಮಗಳು, ಶಾಲೆಯ ಓದು ದಕ್ಕಿದ್ದೇ ಕಡಿಮೆ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದವರು ಮನಸ್ಸಿಗೆ ಬಂದಂತೆ ಆರಿಸಿಕೊಟ್ಟ 76,86,36,97,74,870ನ್ನು 24,65,09,97,45,779ರಿಂದ ಗುಣಿಸಿ ಉತ್ತರ ಹೇಳಿದರು. 28 ಸೆಕೆಂಡು. ಮೇಲಿನ ಸಂಖ್ಯೆ ಆ ಉತ್ತರ. ಅದಕ್ಕೆ ಬೇರೆ ಯಾವ ಅಸ್ಮಿತೆಯೂ ಇಲ್ಲ, ಬೇಕಾಗಿಯೂ ಇಲ್ಲ. ‘ಪ್ರಜ್ಞೆ’ ಎಂದವರಲ್ಲಿ ಒಬ್ಬರಾದರೂ ಗುಣಿಸಿ ನೋಡಿದ್ದರೆ! ನನ್ನಜ್ಜಿಗೆ ಕಾಲು, ಅರೆ, ಮುಕ್ಕಾಲರ ಮಗ್ಗಿಯೆಲ್ಲ ಬಾಯಲ್ಲೇ ಇತ್ತು. ಅದಕ್ಕೆ ಅವಳು ಯಾವ ಹೆಸರನ್ನೂ ಇಟ್ಟಿರಲಿಲ್ಲ. ಅವಳೊಂದಿಗೆ ಅದೂ ಹೋಯಿತು. ನಮ್ಮ ಮನೆಯಲ್ಲಿ ಈಗ ಹಾಲಿನ ಲೆಕ್ಕಕ್ಕೂ ಮೊಬೈಲು.

ರಾತ್ರಿ ಒಂದು ಹಾಳೆ ತೆಗೆದುಕೊಂಡು ಆ ಗುಣಾಕಾರಕ್ಕೆ ಕೂತೆ. ಹದಿಮೂರು ಸಾಲು, ಒಂದು ಸಾಲು ಬರೀ ಸೊನ್ನೆ. ನಡುವೆ ಒಂದು ಸಾಲಿನಲ್ಲಿ ದಶಕ ಮರೆತು ಮತ್ತೆ ಮೊದಲಿಂದ ಹಿಡಿದೆ. ಕೊನೆಗೆ ತಾಳೆ ನೋಡಿದೆ: ಹಾಳೆಯಲ್ಲಿ ಮೇಲೆ ಬರೆದ ಸಂಖ್ಯೆಯ ಅಂಕಿಗಳ ಮೊತ್ತ 78, ಅಂದರೆ 15, ಅಂದರೆ 6, ಕೆಳಗಿನದು 74, 11, 2. ಆರೆರಡಲ ಹನ್ನೆರಡು, ಅಂದರೆ 3. ಉತ್ತರದ್ದು 138, 12, 3.

ತಾಳೆ ಬಿತ್ತು. ಅಷ್ಟರಲ್ಲಿ ಅನ್ನ ಆರಿಹೋಗಿತ್ತು.