ಬೆಟ್ಟದ ಮೇಲೊಂದು ಬಿಟ್ಟಿ ಜೋಕಾಲಿ

ಬೆಂಗಳೂರಿನ ಮಗುವನ್ನು ಜೋಕಾಲಿಯಲ್ಲಿ ಕೂರಿಸುವುದು ಸುಲಭದ ಕೆಲಸವಲ್ಲ. ಮೊದಲು ಅಪ್ಪ ರಜೆ ಹಾಕಬೇಕು. ಫಾಸ್ಟ್‌ಟ್ಯಾಗಿಗೆ ದುಡ್ಡು ತುಂಬಬೇಕು. ಬಿಡದಿ ಹತ್ತಿರ ಒಂದು ಟೋಲ್, ಗಣಂಗೂರಿನಲ್ಲಿ ಇನ್ನೊಂದು ಟೋಲ್ ಕಟ್ಟಿ, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ, ಸುಂಟಿಕೊಪ್ಪದ ತಿರುವುಗಳಲ್ಲಿ ಕಿರಿಮಗನ ವಾಂತಿ ಒರೆಸಿ, 1,100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿ ಸೇರಬೇಕು. ಜೋಕಾಲಿ ಅಲ್ಲಿದೆ.

ಮನೆ ಹತ್ತಿರ ಪಾರ್ಕ್ ಇಲ್ಲವೇ ಎಂದು ಕೇಳಬೇಡಿ. ಇದೆ. ಮಕ್ಕಳದ್ದಲ್ಲ, ಅಷ್ಟೆ. ಗೇಟಿನಲ್ಲೇ ಬೋರ್ಡು: ಚೆಂಡಾಟ ನಿಷೇಧ, ಸೈಕಲ್ ನಿಷೇಧ, ಹುಲ್ಲಿನ ಮೇಲೆ ನಡೆಯಬಾರದು, ಗಲಾಟೆ ಮಾಡಬಾರದು. ಗಲಾಟೆಯ ನಿಯಮದಿಂದ ಬೆಳಗಿನ ನಗೆಕೂಟಕ್ಕೆ ಮಾತ್ರ ವಿನಾಯಿತಿ. ಜೋಕಾಲಿಗೆ ಸರಪಳಿ ಇದೆ, ಹಲಗೆ ಇಲ್ಲ. ಅದನ್ನು ಉದ್ಘಾಟಿಸಿದವರ ಹೆಸರಿನ ಗ್ರಾನೈಟ್ ಕಲ್ಲು ಮಾತ್ರ ಒಂದು ಚೂರೂ ಮುಕ್ಕಾಗಿಲ್ಲ. ನಗರದ ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕೆಂದು 2024ರಲ್ಲಿ ಅಪ್ಪಣೆಯಾಯಿತು. ಗೇಟು ತೆರೆಯಿತು. ಬೋರ್ಡು ಅಲುಗಾಡಲಿಲ್ಲ.

ಕಾನೂನಿಗೇನೂ ಕೊರತೆಯಿಲ್ಲ. ಉದ್ಯಾನ, ಆಟದ ಮೈದಾನಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಆಡುವುದು ಮಗುವಿನ ಹಕ್ಕು ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಸಾರುತ್ತದೆ, 1992ರಲ್ಲಿ ಭಾರತವೂ ಅದನ್ನು ಒಪ್ಪಿಕೊಂಡಿದೆ. ಒಪ್ಪದೆ ಉಳಿದಿರುವುದು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ ಮಾತ್ರ.

ಹಾಗಾಗಿ ಕೊಡಗು. ನನ್ನ ಭಾಮೈದ ಎಕ್ಸೆಲ್ ಹಾಳೆಯಲ್ಲಿ ಪ್ರವಾಸ ಬರೆದುಕೊಂಡಿದ್ದ. ಅಬ್ಬಿ ಜಲಪಾತ, ದುಬಾರೆಯ ಆನೆ, ಮಾಂದಲಪಟ್ಟಿಗೆ ಜೀಪು, ಗಾಜಿನ ಸೇತುವೆ, ರಾಜಾಸೀಟಿನಲ್ಲಿ ಸೂರ್ಯಾಸ್ತ. ಕೊಡಗಿನ ಅರಸರು ಕೂತು ಸಂಜೆ ನೋಡುತ್ತಿದ್ದರು ಎನ್ನುವ ಜಾಗದಲ್ಲಿ ಈಗ ನಮಗೆ ಕಾಣುವುದು ಮುಂದಿನವರ ಮೊಬೈಲು, ಅದರೊಳಗೆ ಅವರ ಮುಂದಿನವರ ಮೊಬೈಲು. ಮಂಜು ಕವಿದು ಸೂರ್ಯ ಯಾರ ಕೈಗೂ ಸಿಗಲಿಲ್ಲ. "ಅಪ್ಪಾ, ಮುಗೀತಾ?" ಎಂದು ಕಿರಿಯವನು ಕೇಳಿದ. ಪ್ರಕೃತಿ ಸೌಂದರ್ಯದ ಬಗ್ಗೆ ಮಕ್ಕಳ ವಿಮರ್ಶೆ ಯಾವಾಗಲೂ ಇಷ್ಟೇ ಚಿಕ್ಕದು.

ರೆಸಾರ್ಟಿನಲ್ಲಿ 'ಕಿಡ್ಸ್ ಝೋನ್' ಇತ್ತು. ಕಿಟಕಿಯಾಚೆ ಕಾಫಿ ತೋಟ, ಮೆಣಸಿನ ಬಳ್ಳಿ, ಮಳೆಗೆ ನೆನೆದ ಮಣ್ಣು. ಕಿಟಕಿಯೀಚೆ ಪ್ಲಾಸ್ಟಿಕ್ ಹುಲ್ಲು. ಆಚೆಯದಕ್ಕೆ ಹೋದರೆ ಜಿಗಣೆ ಕಚ್ಚುತ್ತದೆ. ಈಚೆಯದು ಅರ್ಧ ಗಂಟೆಗೆ ಇಂತಿಷ್ಟು ಎಂದು ಕಚ್ಚುತ್ತದೆ, ಕಾಲುಚೀಲದ ದುಡ್ಡು ಬೇರೆ.

ಉಚಿತ ಜೋಕಾಲಿ ಸಿಕ್ಕಿದ್ದು ಎಕ್ಸೆಲ್ ಹಾಳೆಯ ಹೊರಗೆ. ಊರೊಳಗಿನ ಒಂದು ಓಣಿಯಲ್ಲಿ ದಾರಿ ತಪ್ಪಿ ಕಾರು ತಿರುಗಿಸುವಾಗ ಹಿಂದಿನ ಸೀಟಿನಿಂದ ಕಿರುಚಾಟ ಕೇಳಿತು. ಎರಡು ಜೋಕಾಲಿ, ಬಣ್ಣ ಹೋದ ಒಂದು ಜಾರುಬಂಡಿ, ಒಂದು ಸೀಸಾ, ಉಳಿದದ್ದೆಲ್ಲ ಕೆಂಪು ಮಣ್ಣು. ಭಾಮೈದ ಇಳಿದು ಸುತ್ತ ನೋಡಿದ. "ಭಾವ, ಟಿಕೆಟ್ ಎಲ್ಲಿ ಕೊಡ್ತಾರೆ?" ಹಾಲು ತರುತ್ತಿದ್ದ ಅಜ್ಜಿಯೊಬ್ಬರು ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಟಿಕೆಟ್ ಎಂತದಕ್ಕೆ? ಮಕ್ಕಳು ಆಡ್ಲಿಕ್ಕೆ ಇರೋದಲ್ವಾ ಅದು?" ಆತ ಮೊಬೈಲಿನಲ್ಲಿ ರೇಟಿಂಗ್ ಹುಡುಕಿದ. ಸಿಗಲಿಲ್ಲ. ದುಡ್ಡೂ ಕೇಳದ, ನಕ್ಷತ್ರವೂ ಇಲ್ಲದ ಜಾಗಕ್ಕೆ ಮಕ್ಕಳನ್ನು ಬಿಡುವುದು ಹೇಗೆ? ಅವನು ಯೋಚಿಸುವಷ್ಟರಲ್ಲಿ ಮಕ್ಕಳು ಜಾರುಬಂಡಿಯಲ್ಲಿ ಎರಡು ಸಲ ಜಾರಿ ಆಗಿತ್ತು.

ಆ ಓಣಿಯ ಹುಡುಗ ಹುಡುಗಿಯರು ಕಡಿದ ಕೊಂಬೆ ಹಿಡಿದು ಹಾಕಿ ಆಡುತ್ತಿದ್ದರು. ಕೊಡಗಿನಲ್ಲಿ ಇದು ಆಶ್ಚರ್ಯವಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ ಈಗ 300ಕ್ಕೂ ಹೆಚ್ಚು ತಂಡಗಳು ಇಳಿಯುತ್ತವೆ. ನಮ್ಮ ಹಿರಿಯವನ ಕೈಗೂ ಒಂದು ಕೊಂಬೆ ಬಂತು. ಹಿಡಿಯಲು ಬರದೆ ನಿಂತವನನ್ನು ಒಬ್ಬಳು ಕೇಳಿದಳು:

"ನಿಮ್ಮಲ್ಲಿ ಪಾರ್ಕ್ ಇಲ್ವಾ?"

"ಇದೆ. ಆಡೋ ಹಾಗಿಲ್ಲ."

"ಮತ್ತೆ ಅಲ್ಲಿ ಎಂತ ಮಾಡುದು?"

"ಅಜ್ಜಂದಿರು ಸುತ್ತು ಹೊಡೀತಾರೆ."

ಜೋಕು ಹೊಡೆಯುತ್ತಿದ್ದಾನೆಂದು ತಿಳಿದು ಅವರೆಲ್ಲ ಬಿದ್ದು ಬಿದ್ದು ನಕ್ಕರು.

ನಗು ಅಲ್ಲಿಗೇ ನಿಲ್ಲುವಂತೆ ನೋಡಿಕೊಂಡವರು ದೊಡ್ಡವರು. ಸ್ಯಾನಿಟೈಸರ್ ಹೊರಬಂತು. "ಬೀಳ್ತೀಯ", "ಮುಟ್ಟಬೇಡ", "ಬಿಳಿ ಶೂ ಕಣೋ" ಎಂಬ ಮೂರು ಮಂತ್ರಗಳ ಪಾರಾಯಣ ಆರಂಭವಾಯಿತು. ಆಮೇಲೆ ಎಂಬತ್ತೈದು ಕಿಲೋ ತೂಗುವ ಭಾಮೈದ ತಾನೇ ಜೋಕಾಲಿ ಏರಿದ, ರೀಲ್ಸಿಗೆ. ಬೆಳಕು ಸರಿಯಿಲ್ಲವೆಂದು ಮತ್ತೊಮ್ಮೆ, ಕೂದಲು ಹಾರಲಿಲ್ಲವೆಂದು ಇನ್ನೊಮ್ಮೆ. ಓಣಿಯ ಚಿಕ್ಕವರು ಸಾಲಾಗಿ ಕಾಯುತ್ತಿದ್ದರು. ಅಂಕಲ್ ಇಳಿಯಿರಿ ಅನ್ನುವಷ್ಟು ಸೊಕ್ಕು ಅವರಿಗಿನ್ನೂ ಬಂದಿಲ್ಲ.

ಅವನು ಅದನ್ನು 'ಹಿಡನ್ ಜೆಮ್' ಎಂದು ಹೆಸರಿಟ್ಟು, ಲೊಕೇಶನ್ ಸಮೇತ ಲೋಕಾರ್ಪಣೆ ಮಾಡಿದ. ಮರುದಿನ ಅದೇ ದಾರಿಯಲ್ಲಿ ಹೋದಾಗ ಬೆಂಗಳೂರು ನೋಂದಣಿಯ ಕಾರುಗಳು ಓಣಿಯ ಎರಡೂ ಕಡೆ ನಿಂತಿದ್ದವು. ಜಾರುಬಂಡಿಯ ಕೆಳಗೆ ಚಿಪ್ಸ್ ಪೊಟ್ಟಣ. ಹಾಕಿಯವರು ಪತ್ತೆಯಿಲ್ಲ. ಇನ್ನು ನಡೆಯುವುದೆಲ್ಲ ಗೊತ್ತಿರುವ ಕ್ರಮವೇ: ಇವತ್ತು ಕಾರು, ನಾಳೆ ಚುರುಮುರಿ ಗಾಡಿ, ಆಮೇಲೆ ಪಾರ್ಕಿಂಗ್ ಗುತ್ತಿಗೆ, ಕೊನೆಗೆ ಭಾಮೈದ ಮೊದಲ ದಿನವೇ ಹುಡುಕಿದ ಟಿಕೆಟ್ ಕೌಂಟರು. ದೂರದೃಷ್ಟಿಯ ಮನುಷ್ಯ.

ಹೇಳಲು ಮರೆತೆ, ಅವನು ತನ್ನ ಬಡಾವಣೆಯ ಸಂಘದ ಖಜಾಂಚಿ. ಊರಿಗೆ ಮರಳಿದ ವಾರವೇ ಸಂಘದ ಸಭೆ ನಡೆಯಿತು. ಪಾರ್ಕಿನಲ್ಲಿ ಚೆಂಡು ಕಂಡರೆ ಜಪ್ತಿ ಮಾಡಬೇಕೆಂಬ ನಿರ್ಣಯ ಮಂಡಿಸಿದವನು ಅವನೇ. ಅನುಮೋದಿಸಿದವರು ಅದೇ ರಜೆಯಲ್ಲಿ ಮೊಮ್ಮಕ್ಕಳನ್ನು ಆಡಿಸಲು ಊಟಿಗೆ ಹೋಗಿ ಬಂದವರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.