ಕಿವಿಯ ಮುಯ್ಯಿ

ಊರೂರಿನ ಸಾಹಿತ್ಯ ಬಳಗಗಳ ಮೇಲಿರುವ ಹಳೆಯ ದೂರು, ಅವುಗಳಿಂದ ಸಾಹಿತ್ಯ ಹುಟ್ಟುವುದಿಲ್ಲ ಎಂಬುದು. ದೂರು ಬಹುಮಟ್ಟಿಗೆ ನಿಜ, ಅಲ್ಲಗಳೆದು ಪ್ರಯೋಜನವಿಲ್ಲ. ತಿಂಗಳಿಗೊಂದು ಭಾನುವಾರ ಗ್ರಂಥಾಲಯದ ಮಹಡಿಯಲ್ಲೋ ರಾಮಮಂದಿರದ ಹಿಂದಿನ ಕೋಣೆಯಲ್ಲೋ ಹತ್ತು ಹನ್ನೆರಡು ಜನ ಸೇರುತ್ತಾರೆ. ನಿವೃತ್ತ ಹೈಸ್ಕೂಲು ಮೇಷ್ಟ್ರು, ಬ್ಯಾಂಕಿನವರು, ಎಲ್‌ಐಸಿಯವರು, ಕೆಇಬಿಯವರು, ಜೊತೆಗೆ ಔಷಧಿ ಅಂಗಡಿಯ ಯಜಮಾನರು. ಇಪ್ಪತ್ತು ವರ್ಷ ಬಿಡದೆ ಕವಿತೆ ಓದಿದರೂ ಇವರಲ್ಲಿ ಒಬ್ಬರ ಹೆಸರೂ ಪಕ್ಕದ ತಾಲ್ಲೂಕಿನ ಗಡಿ ದಾಟಿರುವುದಿಲ್ಲ. ಆದರೂ ಇಪ್ಪತ್ತೊಂದನೆಯ ವರ್ಷ ಅದೇ ಕುರ್ಚಿಗಳನ್ನು ಅದೇ ಸಾಲಿನಲ್ಲಿ ಹಾಕಿ, ಅದೇ ಮಂಡಕ್ಕಿ, ಅದೇ ಬೋಂಡ ತರಿಸುತ್ತಾರೆ. ಬಯಸಿದ್ದು ಸಿಗದ ಕಡೆಗೆ ಇಷ್ಟು ಕಾಲ ನಡೆದುಕೊಂಡು ಬರಲು ಇವರೇನೂ ಪೆದ್ದರಲ್ಲ. ಮನೆ ಸಾಲದ ಬಡ್ಡಿಯನ್ನು ಬೆರಳ ತುದಿಯಲ್ಲಿ ಎಣಿಸಬಲ್ಲವರು. ಹಾಗಾದರೆ ಅಲ್ಲಿ ಬೇರೇನೋ ಸಿಗುತ್ತಿರಬೇಕು. ಆ ಬೇರೇನೋ ಕಿವಿ ಎಂಬುದು ನನ್ನ ವಾದ. ಬರಹಗಾರರಾಗಬೇಕೆಂದು ಬಂದವರನ್ನು ಬಳಗ ಅವರಿಗೇ ತಿಳಿಯದ ಹಾಗೆ ಕೇಳುಗರನ್ನಾಗಿ ಮಾಡಿ ಕಳಿಸುತ್ತದೆ, ಅದಕ್ಕೆ ಹಿಡಿಯುವ ಕಾಲವೇ ಈ ಇಪ್ಪತ್ತು ವರ್ಷ.

ಇದನ್ನು ಯಾವ ಕಾರ್ಯದರ್ಶಿಯೂ ಒಪ್ಪುವುದಿಲ್ಲ. ಅವರ ಪ್ರಾಸ್ತಾವಿಕ ನುಡಿ ಅನುಭವ ಮಂಟಪದಿಂದ ಹೊರಟು, ಧಾರವಾಡದ ಗೆಳೆಯರ ಗುಂಪಿನಲ್ಲಿ ಸ್ವಲ್ಪ ದಣಿವಾರಿಸಿಕೊಂಡು, ಮುಂದೆಲ್ಲೂ ನಿಲುಗಡೆಯಿಲ್ಲದೆ ತಮ್ಮ ಬಳಗಕ್ಕೆ ಬಂದು ಸೇರುತ್ತದೆ. 1922ರ ಸುಮಾರಿಗೆ ಬೇಂದ್ರೆಯವರ ಸುತ್ತ ಬೆಳೆದ ಆ ಗುಂಪಿನಲ್ಲಿ ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ ಇದ್ದರು. ಮುಂದೆ ಬೇಂದ್ರೆಯವರಿಗೆ 1973ರ ಜ್ಞಾನಪೀಠ, ಗೋಕಾಕರಿಗೆ 1990ರ ಜ್ಞಾನಪೀಠ. ಒಂದು ಗುಂಪಿಗೆ ಎರಡು ಜ್ಞಾನಪೀಠ ಎಂಬ ಅಳತೆಗೋಲು ಹಿಡಿದರೆ ರಾಜ್ಯದ ಉಳಿದ ಬಳಗಗಳೆಲ್ಲ ನಪಾಸು. ಆದರೆ ಪ್ರಶಸ್ತಿಗಳನ್ನು ಪಕ್ಕಕ್ಕಿಟ್ಟು ಅಲ್ಲಿ ಯಾರ ಪಕ್ಕ ಯಾರು ಕೂತಿದ್ದರು ಎಂದು ನೋಡಿದರೆ ಬೇರೆಯದೇ ಸಂಗತಿ ಕಾಣುತ್ತದೆ. ಗೋಕಾಕರು ಬೇಂದ್ರೆಯವರಿಗಿಂತ ಹದಿಮೂರು ವರ್ಷ ಚಿಕ್ಕವರು, ಗುಂಪಿಗೆ ಬಂದಾಗ ಕಾಲೇಜು ಹುಡುಗ. ಶಂ. ಬಾ. ಜೋಶಿಯವರದು ಸಂಶೋಧನೆಯ ದಾರಿ. ಕನ್ನಡದ ಮತ್ತು ಕನ್ನಡಿಗರ ಮೂಲ ಕೆದಕುವುದು ಅವರ ಕೆಲಸ. ಹಿರಿಯನ ಎದುರು ಕಿರಿಯ, ಕವಿಯ ಎದುರು ಸಂಶೋಧಕ. ಒಬ್ಬರ ಕಸುಬಿನಲ್ಲಿ ಇನ್ನೊಬ್ಬರು ತಪ್ಪು ತೆಗೆಯುವುದು ಅಷ್ಟು ಸುಲಭವಲ್ಲದಿರುವಾಗ ಮಾಡಲು ಉಳಿಯುವುದು ಒಂದೇ ಕೆಲಸ, ಕೂತು ಕೇಳುವುದು. ಜ್ಞಾನಪೀಠ ಎಲ್ಲ ಗುಂಪಿಗೂ ಬರುವುದಿಲ್ಲ, ಈ ಕೆಲಸ ಎಲ್ಲ ಗುಂಪಿಗೂ ಬರುತ್ತದೆ.

ಇನ್ನೂ ಗಟ್ಟಿ ಸಾಕ್ಷಿ ಬೇಕಾದವರು ವಿಜಯಪುರ ಜಿಲ್ಲೆಯ ಹಲಸಂಗಿಗೆ ಹೋಗಬೇಕು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಸೇರಿ ಒಂದು ಹಳ್ಳಿಯಲ್ಲಿ ಬಳಗ ಕಟ್ಟಿದರು. ಅವರಲ್ಲಿ ಕವಿಗಳಿರಲಿಲ್ಲವೆಂದಲ್ಲ, ‘ನನ್ನ ನಲ್ಲ’ ಬರೆದ ಮಧುರಚೆನ್ನರೇ ಇದ್ದರು. ಆದರೂ ಹಲಸಂಗಿ ಗೆಳೆಯರು ಎಂದ ಕೂಡಲೇ ನೆನಪಾಗುವುದು 1931ರ ‘ಗರತಿಯ ಹಾಡು’, ಆ ಪುಸ್ತಕದ ಹಾಡುಗಳಲ್ಲಿ ಗೆಳೆಯರದು ಒಂದು ಸಾಲೂ ಇಲ್ಲ. ಎಲ್ಲವೂ ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹೆಣ್ಣುಮಕ್ಕಳು ಹಾಡಿಕೊಂಡದ್ದು. ಮುಂದಿನ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ಗಳೂ ಜನ ಹಾಡಿದ್ದನ್ನು ಕೂಡಿಸಿದ ಪುಸ್ತಕಗಳೇ. ಒಂದು ಸಾಹಿತ್ಯ ಬಳಗದ ಅತಿ ದೊಡ್ಡ ಸಾಧನೆ ತಮ್ಮದಲ್ಲದ ಸಾಲುಗಳನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡದ್ದು ಎಂದರೆ ಇಂದಿನ ಬಳಗಗಳ ಸದಸ್ಯರಿಗೆ ಕಸಿವಿಸಿಯಾದೀತು. ಪಾಳಿ ಬಂದಾಗ ಜೇಬಿನಿಂದ ಅತ್ತೆಯ ಹಾಡು ತೆಗೆದು ಓದುವ ಅಳಿಯ ನಮ್ಮಲ್ಲಿ ಅಪರೂಪ. ಜೇಬಿನಲ್ಲಿರುವುದು ಅವರದೇ ಚುಟುಕು.

ಹಾಗಾದರೆ ತಮ್ಮದನ್ನೇ ಓದಲು ಬಂದವರು ಕೇಳುಗರಾಗುವುದು ಹೇಗೆ? ಮದುವೆ ಮನೆಯಲ್ಲಿ ಮುಯ್ಯಿ ನಡೆಯುವ ಹಾಗೆ. ಇಂಥವರು ಇಷ್ಟು ಓದಿಸಿದರು ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಅವರ ಮನೆಯ ಕಾರ್ಯದಲ್ಲಿ ಅಷ್ಟನ್ನು ಹಿಂತಿರುಗಿಸಬೇಕು, ಒಂದು ರೂಪಾಯಿ ಹೆಚ್ಚಾದರೂ ಅಡ್ಡಿಯಿಲ್ಲ, ಕಡಿಮೆಯಾಗಬಾರದು. ಬಳಗದಲ್ಲಿ ಈ ಪುಸ್ತಕವನ್ನು ಯಾರೂ ಬರೆಯುವುದಿಲ್ಲ, ಎಲ್ಲರಿಗೂ ಬಾಯಿಪಾಠ. ನನ್ನ ನೀಳ್ಗವನವನ್ನು ನೀವು ಆಕಳಿಸದೆ ಕೇಳಿದ್ದೀರಿ, ಮುಂದಿನ ತಿಂಗಳು ನಿಮ್ಮ ಖಂಡಕಾವ್ಯದ ಎರಡನೆಯ ಸರ್ಗಕ್ಕೆ ನಾನು ಆಕಳಿಸುವಂತಿಲ್ಲ. ದಸರಾ ಕವಿಗೋಷ್ಠಿಯಲ್ಲಿ ಈ ಕಟ್ಟುಪಾಡಿಲ್ಲ. ಅಲ್ಲಿ ಕವಿ ತನ್ನ ಕವಿತೆ ಓದಿ, ಶಾಲು, ನೆನಪಿನ ಕಾಣಿಕೆ ತೆಗೆದುಕೊಂಡು, ಬಸ್ಸಿನ ನೆಪ ಹೇಳಿ ಹೊರಟುಬಿಡಬಹುದು. ಕೊನೆಯವರೆಗೆ ಉಳಿಯುವವರು ಶಾಮಿಯಾನದವರು ಮತ್ತು ಅಧ್ಯಕ್ಷರು. ಒಬ್ಬರಿಗೆ ಕಂಬ ಬಿಚ್ಚುವುದಿರುತ್ತದೆ, ಇನ್ನೊಬ್ಬರಿಗೆ ಅಧ್ಯಕ್ಷ ಭಾಷಣ ಬಿಚ್ಚುವುದಿರುತ್ತದೆ. ಊರಿನ ಬಳಗದಲ್ಲಿ ಓದಿ ಎದ್ದು ಹೋದವನು ನಾಳೆ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಅದೇ ಮುಖಗಳನ್ನು ಎದುರಿಸಬೇಕು. ಆದ್ದರಿಂದ ಒಂದು ಕವಿತೆ ಓದುವವನು ಹನ್ನೊಂದು ಕವಿತೆ ಕೇಳಲೇಬೇಕು. ತಾನು ಓದಿದ್ದರ ಹನ್ನೊಂದು ಪಟ್ಟು ಕೇಳಿಸಿಕೊಳ್ಳುವ ಶಿಸ್ತು ವಿಶ್ವವಿದ್ಯಾಲಯದ ಯಾವ ಪಠ್ಯಕ್ರಮದಲ್ಲೂ ಇದ್ದಂತಿಲ್ಲ.

ಹಂಗಿಗೆ ಬಿದ್ದು ಕೇಳಿದ್ದು ಕೇಳಿದಂತಾಯಿತೇ, ಕಿವಿ ಇಲ್ಲಿದ್ದು ಮನಸ್ಸು ತೆಂಗಿನ ತೋಟದಲ್ಲಿದ್ದರೆ ಏನು ಬಂತು ಎಂದು ಕೇಳಬಹುದು. ಮೊದಲ ಕೆಲವು ವರ್ಷ ಹಾಗೆಯೇ ಇರುತ್ತದೆ, ಒಪ್ಪೋಣ. ಆದರೆ ಒಂದೇ ದನಿಯ ಎದುರು ವರ್ಷಗಟ್ಟಲೆ ಕೂತು ಕಿವಿ ಮುಚ್ಚಿಕೊಂಡಿರುವುದು ಕೇಳುವುದಕ್ಕಿಂತ ಕಷ್ಟ. ಯಾವಾಗಲೋ ಒಮ್ಮೆ, ‘ಮಳೆ’ ಎಂದ ಮೇಲೆ ಇವರು ‘ಇಳೆ’ ಎನ್ನದೆ ಬಿಟ್ಟವರಲ್ಲ, ಈ ಸಲ ಬಿಟ್ಟರಲ್ಲ ಎಂದು ಗಮನಕ್ಕೆ ಬರುತ್ತದೆ. ಪ್ರಾಸ ತಪ್ಪಿದ್ದು ಯಾಕೆ, ಮಗನ ಮದುವೆ ಮುರಿಯಿತೇ, ಅಡಿಗರನ್ನು ಓದಿದರೇ ಎಂಬ ವಿಚಾರ ಶುರುವಾಗುತ್ತದೆ. ವಿಮರ್ಶೆ ಹುಟ್ಟುವುದು ಇಲ್ಲಿಯೇ, ಬಳಗದವರು ಅದನ್ನು ವಿಮರ್ಶೆ ಎಂದು ಕರೆಯುವುದಿಲ್ಲ ಅಷ್ಟೆ. ಒಬ್ಬ ಕವಿಯ ಹಿಂದಿನ ನೂರು ಕವಿತೆಗಳನ್ನು ತಲೆಯಲ್ಲಿಟ್ಟುಕೊಂಡು ನೂರೊಂದನೆಯದನ್ನು ಕೇಳುವವರು ದೊಡ್ಡ ಕವಿಗಳಿಗೂ ಸುಲಭವಾಗಿ ಸಿಗುವುದಿಲ್ಲ, ಕೆಇಬಿಯ ಕವಿಗೆ ಹನ್ನೊಂದು ಜನ ಸಿಗುತ್ತಾರೆ. ಇದರ ಬೆನ್ನಿಗೇ ಬರುವ ಇನ್ನೊಂದು ಆಕ್ಷೇಪ, ಬಳಗವೆಂದರೆ ಪರಸ್ಪರ ಹೊಗಳುವವರ ಕೂಟ ಎಂಬುದು. ಬಾಯಿಮಾತನ್ನಷ್ಟೇ ನಂಬುವವರಿಗೆ ಹಾಗೆ ಅನ್ನಿಸುವುದು ಸಹಜ. ಕೆಟ್ಟ ಕವಿತೆಗೂ ಚಪ್ಪಾಳೆ ತಪ್ಪಿದ್ದಿಲ್ಲ. ಆದರೆ ಹಳೆಯ ಸದಸ್ಯರು ಚಪ್ಪಾಳೆಗೆ ಬೆಲೆ ಕೊಡುವುದಿಲ್ಲ. ಓದುವಾಗ ಯಾರು ಕನ್ನಡಕ ಒರೆಸಿಕೊಂಡರು, ಬೋಂಡದ ತಟ್ಟೆ ಎಷ್ಟನೆಯ ನುಡಿಗೆ ಅಲುಗಿತು, ಮುಗಿದ ಮೇಲೆ ಯಾರಾದರೂ ‘ಆ ಹಾಳೆ ಸ್ವಲ್ಪ ಕೊಡಿ’ ಎಂದರೇ, ಇವು ಅವರ ಅಳತೆಗಳು. ಹಾಳೆ ಕೇಳಿಸಿಕೊಂಡವರು ಆ ರಾತ್ರಿ ನಿದ್ದೆ ಮಾಡುವುದಿಲ್ಲ. ಇಷ್ಟು ಕಟ್ಟುನಿಟ್ಟಾಗಿ ಬೆಲೆ ಕಟ್ಟುವ ಕೂಟವನ್ನು ಹೊಗಳುಭಟರ ಕೂಟ ಎನ್ನುವುದು ಅನ್ಯಾಯ.

ದೊಡ್ಡ ಕಾವ್ಯಕ್ಕೆ ಗುಂಪಿನ ಹಂಗಿಲ್ಲ, ಕುಮಾರವ್ಯಾಸ ಗದುಗಿನ ವೀರನಾರಾಯಣನ ಗುಡಿಯಲ್ಲಿ ಕಂಬಕ್ಕೊರಗಿ ಒಬ್ಬನೇ ಬರೆದನಲ್ಲ ಎನ್ನುವವರಿದ್ದಾರೆ. ಬರೆದದ್ದು ಒಬ್ಬನೇ ಇರಬಹುದು. ಆದರೆ ಆ ಭಾರತ ನಮ್ಮವರೆಗೆ ಬಂದದ್ದು ಓಲೆಗರಿಯೊಂದರಿಂದಲೇ ಅಲ್ಲ. ಊರೂರ ಜಗಲಿಯಲ್ಲಿ ಗಮಕಿಯೊಬ್ಬರು ರಾಗವಾಗಿ ವಾಚಿಸಿ, ವ್ಯಾಖ್ಯಾನಕಾರರೊಬ್ಬರು ಅರ್ಥ ಬಿಡಿಸಿ, ಅಕ್ಷರ ಬಾರದವರೂ ಕರ್ಣನ ಸಾವಿಗೆ ಕಣ್ಣೊರೆಸಿಕೊಂಡು ಕೇಳಿದ್ದರಿಂದ ಬಂತು. ಶಿವಮೊಗ್ಗದ ಬಳಿಯ ಹೊಸಹಳ್ಳಿಯಲ್ಲಿ ಈ ಪದ್ಧತಿ ಇಂದಿಗೂ ಜೀವಂತವಾಗಿದೆ. ಅಲ್ಲಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ನಮ್ಮ ಬಳಗಗಳಿಗೆ ಪೂರ್ವಜರು ಬೇಕಿದ್ದರೆ ಅನುಭವ ಮಂಟಪದಷ್ಟು ಎತ್ತರಕ್ಕೆ ಏಣಿ ಹಾಕಬೇಕಿಲ್ಲ, ಈ ಜಗಲಿ ಸಾಕು. ಒಂದೇ ವ್ಯತ್ಯಾಸ: ದ್ರೋಣಪರ್ವ ಮುಗಿದ ಮೇಲೆ ಅಲ್ಲಿ ಯಾರೂ ‘ನಾನೂ ಒಂದು ಪರ್ವ ಬರೆದಿದ್ದೇನೆ’ ಎಂದು ಎದ್ದು ನಿಲ್ಲುತ್ತಿರಲಿಲ್ಲ.

ಎಲ್ಲಕ್ಕಿಂತ ಭಾರವಾದ ಆಕ್ಷೇಪಕ್ಕೆ ಮಾತ್ರ ತಲೆ ತಗ್ಗಿಸಬೇಕು. ಈ ಬಳಗಗಳು ಬಹುಕಾಲ ಗಂಡಸರ ಕೂಟಗಳಾಗಿಯೇ ಇದ್ದವು. ಭಾನುವಾರ ಸಂಜೆ ನಾಲ್ಕೂವರೆ ಎಂದು ವೇಳೆ ಗೊತ್ತುಮಾಡಿದವರಿಗೆ ಆ ಹೊತ್ತಿನಲ್ಲಿ ಮನೆಯಲ್ಲಿ ನೆಂಟರಿಗೆ ಕಾಫಿ ಮಾಡುತ್ತಿರುವವರು ಯಾರು ಎಂಬ ಯೋಚನೆ ಬಂದಂತಿಲ್ಲ. ಈಗ ಮಹಿಳೆಯರು ಬರುತ್ತಾರೆ, ಹಲವೆಡೆ ತಮ್ಮದೇ ಬಳಗ ಕಟ್ಟಿಕೊಂಡಿದ್ದಾರೆ, ಒಳ್ಳೆಯದೇ ಆಯಿತು. ಆದರೆ ಕೇಳುವುದೇ ಬಳಗದ ತಿರುಳು ಎಂಬ ನನ್ನ ಮಾತು ನಿಜವಾದರೆ, ಗಂಡಸರು ಕುರ್ಚಿ ಹಾಕುವುದಕ್ಕಿಂತ ಎಷ್ಟೋ ಮೊದಲೇ ಬಳಗ ಶುರುವಾಗಿತ್ತು ಎಂದೂ ಒಪ್ಪಬೇಕಾಗುತ್ತದೆ. ಬೀಸುಕಲ್ಲಿನ ಎದುರುಬದುರು ಇಬ್ಬರು ಕೂರುತ್ತಿದ್ದರು, ಒಬ್ಬಳು ಎತ್ತಿಕೊಟ್ಟ ತ್ರಿಪದಿಯನ್ನು ಇನ್ನೊಬ್ಬಳು ಹಿಡಿಯಬೇಕಿತ್ತು, ಕೇಳಿಸಿಕೊಳ್ಳದೆ ಹಿಡಿಯುವುದು ಸಾಧ್ಯವಿರಲಿಲ್ಲ. ಸ್ವಾಗತವಿಲ್ಲ, ವಂದನಾರ್ಪಣೆಯಿಲ್ಲ, ಮುಗಿದಾಗ ಒಂದಿಷ್ಟು ಹಿಟ್ಟಾದರೂ ಇರುತ್ತಿತ್ತು. ಹಲಸಂಗಿಯ ಗೆಳೆಯರ ದೊಡ್ಡತನವೆಂದರೆ ಆ ಬಳಗ ತಮ್ಮದಕ್ಕಿಂತ ಹಳೆಯದೆಂದು ಅವರಿಗೆ ಗೊತ್ತಾದದ್ದು.

ಕೊನೆಗೆ, ಇಷ್ಟೊಂದು ಕೇಳುಗರನ್ನು ತಯಾರಿಸಿ ಏನು ಮಾಡುವುದು ಎಂಬ ಪ್ರಶ್ನೆ. ಕನ್ನಡದಲ್ಲಿ ಸಾವಿರ ಪ್ರತಿ ಅಚ್ಚು ಹಾಕಿಸಿದ ಕವಿಗೆ ಕಷ್ಟ ಕೊಡುವುದು ಕವಿಗಳ ಕೊರತೆಯಲ್ಲ, ಮಂಚದ ಕೆಳಗಿನ ಎಂಟುನೂರು ಪ್ರತಿ. ಗುಂಪುಗಳು ಚದುರುತ್ತವೆ, ಬೇಂದ್ರೆಯವರು ಸೊಲ್ಲಾಪುರದ ಕಾಲೇಜಿಗೆ, ಗೋಕಾಕ, ಮುಗಳಿಯವರು ಸಾಂಗಲಿಯ ಕಾಲೇಜಿಗೆ ಹೋದರು. ಧಾರವಾಡದಲ್ಲಿ ಹುಟ್ಟಿದ ‘ಜೀವನ’ ಪತ್ರಿಕೆ ಮಾತ್ರ 1944ರಲ್ಲಿ ಮಾಸ್ತಿಯವರ ಕೈ ಸೇರಿ 1965ರವರೆಗೂ ನಡೆಯಿತು. ಬರೆಯುವವರು ಊರು ಬಿಟ್ಟ ಮೇಲೂ ಪತ್ರಿಕೆ ಬದುಕಬೇಕಾದರೆ ಓದುವ ಅಭ್ಯಾಸವಾದವರು ಅಲ್ಲಲ್ಲಿ ಇರಬೇಕು, ಆ ಅಭ್ಯಾಸ ಮಾಡಿಸುವುದು ಊರಿನ ಬಳಗ. ಆದ್ದರಿಂದ ನನ್ನದೊಂದು ಸಲಹೆ. ಸದಸ್ಯತ್ವದ ಅರ್ಜಿಯಿಂದ ‘ಪ್ರಕಟಿತ ಕೃತಿಗಳು’ ಎಂಬ ಕಾಲಂ ತೆಗೆದು ‘ಎಷ್ಟು ಹೊತ್ತು ಕೂರಬಲ್ಲಿರಿ’ ಎಂದು ಕೇಳಬೇಕು. ವಾರ್ಷಿಕೋತ್ಸವದ ಶಾಲನ್ನು ಅತಿ ಹೆಚ್ಚು ಕವಿತೆ ಕೇಳಿದವರಿಗೆ ಹೊದಿಸಬೇಕು. ಸನ್ಮಾನಿತರಿಗೆ ಮೈಕು ಮಾತ್ರ ಕೊಡಬಾರದು. ಕೊಟ್ಟರೆ, ‘ನಾಲ್ಕು ಸಾಲು ಗೀಚಿಕೊಂಡು ಬಂದಿದ್ದೆ’ ಎಂದು ಅವರ ಕೈಯೂ ಜೇಬಿಗೆ ಹೋಗುತ್ತದೆ.